ದೂರದ ಗೆಳೆತನ ಮತ್ತು ಸಣ್ಣ ಸುದ್ದಿ

ನಮ್ಮ ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ಉಪನ್ಯಾಸದಲ್ಲಿ ಸ್ನೇಹದ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕೇಳಿದಾಗ, ಅಷ್ಟು ದೊಡ್ಡ ವಿಷಯವನ್ನು ಹೊರಲು ನನ್ನಿಂದಾಗದು, ಅದರೊಳಗೆ ನನಗೆ ನಲವತ್ತು ವರ್ಷದ ಅನುಭವವಿರುವ ಒಂದು ಭಾಗವನ್ನು, ಅಂದರೆ ದೂರದಲ್ಲಿರುವವರೊಡನೆ ಉಳಿಸಿಕೊಂಡ ಗೆಳೆತನವನ್ನು ಮಾತ್ರ ಎತ್ತಿಕೊಳ್ಳುತ್ತೇನೆ ಎಂದು ಹೇಳಿದ್ದೆ. ಅಂದು ಆಡಿದ ಮಾತುಗಳನ್ನು ನೆನಪಿನಿಂದಲೂ ಟಿಪ್ಪಣಿಯಿಂದಲೂ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರವೂ ಸೇರಿಕೊಂಡಿದೆ.

ಕರಾವಳಿಯ ನಮಗೆ ದೂರ ಹೊಸತಲ್ಲ. ನಮ್ಮ ಅಜ್ಜಂದಿರ ಕಾಲದವರು ಮುಂಬಯಿಯ ಹೋಟೆಲುಗಳಿಗೆ ಹೋದರು, ನಮ್ಮ ಓರಗೆಯವರು ಕೊಲ್ಲಿ ದೇಶಗಳಿಗೆ ಹೋದರು, ನಮ್ಮ ಮಕ್ಕಳು ಬೆಂಗಳೂರಿಗೂ ಅಲ್ಲಿಂದ ಆಚೆಗೂ ಹೋಗುತ್ತಿದ್ದಾರೆ. ಹೋದವರ ದುಡಿಮೆಯ ಬಗ್ಗೆ, ಅವರು ಕಳಿಸಿದ ಹಣದಿಂದ ಎದ್ದ ಮನೆಗಳ ಬಗ್ಗೆ, ಹಿಂದೆ ಉಳಿದ ತಂದೆತಾಯಿಯರ ಬಗ್ಗೆ ಬೇಕಾದಷ್ಟು ಮಾತಾಗಿದೆ, ಬರೆದದ್ದೂ ಆಗಿದೆ. ಆದರೆ ಹೋದವರಿಗೆ ಊರಿನಲ್ಲಿ ಒಬ್ಬ ಗೆಳೆಯನೋ ಗೆಳತಿಯೋ ಇದ್ದರಲ್ಲ, ಅವರ ವಿಷಯ ಯಾರೂ ಕೇಳಿದ್ದಿಲ್ಲ. ನೆಂಟರಾದರೆ ಮದುವೆ, ಉತ್ತರಕ್ರಿಯೆ, ನಾಗನ ಪೂಜೆ, ಆಸ್ತಿ ಪಾಲು ಎಂದು ಏನಾದರೊಂದು ಕಾರಣ ಹೋದವರನ್ನು ಊರಿಗೆ ಎಳೆದು ತರುತ್ತದೆ, ಕರೆಯದೆ ಇದ್ದರೆ ತಪ್ಪಾಗುತ್ತದೆ, ಬಾರದೆ ಇದ್ದರೂ ತಪ್ಪಾಗುತ್ತದೆ. ಗೆಳೆತನಕ್ಕೆ ಅಂಥ ಯಾವ ಕಟ್ಟೂ ಇಲ್ಲ. ಅದು ನಿಂತುಹೋದರೆ ವಿಚಾರಿಸಲು ಹಿರಿಯರು ಬರುವುದಿಲ್ಲ, ಹೀಗಾಗಿ ಅದನ್ನು ಉಳಿಸುವ ಕೆಲಸವೆಲ್ಲ ಇಬ್ಬರ ಮೇಲೆಯೇ ಬೀಳುತ್ತದೆ.

ನನ್ನ ಗೆಳತಿ ಮತ್ತು ನಾನು 1974ರಿಂದ ಮೂರು ವರ್ಷ ಪ್ರೌಢಶಾಲೆಗೆ ಒಟ್ಟಿಗೆ ನಡೆದುಕೊಂಡು ಹೋದವರು. ಅವಳ ಮನೆ ಹೊಳೆಯ ಆಚೆ, ನನ್ನದು ಬೈಲಿನ ಈಚೆ. ಎರಡೂ ಕಡೆಯ ದಾರಿ ಸೇರುವಲ್ಲಿ ಒಂದು ದೊಡ್ಡ ಗೋಳಿಮರ ಇತ್ತು. ಮೊದಲು ಬಂದವಳು ಅದರ ಬುಡದಲ್ಲಿ ಕಾಯಬೇಕು, ಒಬ್ಬಳೇ ಮುಂದೆ ಹೋಗಬಾರದು ಎಂಬುದು ನಮ್ಮೊಳಗಿನ ಕರಾರು. ಅಲ್ಲಿಂದ ಶಾಲೆಗೆ 3 ಕಿಲೋಮೀಟರು, ಹೋಗಲು 40 ನಿಮಿಷ, ಬರಲು 40 ನಿಮಿಷ, ಮಳೆಗಾಲದಲ್ಲಿ ಇನ್ನೂ ಹೆಚ್ಚು.

ಈ ನಡಿಗೆಯ ಲೆಕ್ಕವನ್ನು ನಾನು ಹಾಕಿದ್ದು ಇತ್ತೀಚೆಗೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ಊರಿಗೆ ಬಂದು ನೆಲೆಸಿದವರನ್ನೂ ಕಾಲೇಜಿಗೆ ಆಗತಾನೆ ಸೇರಿದವರನ್ನೂ ವಿಚಾರಿಸಿ, ಪರಿಚಯವೊಂದು ಮಾಮೂಲಿ ಸ್ನೇಹವಾಗಲು ಸುಮಾರು 50 ಗಂಟೆ, ಅದು ನಿಜವಾದ ಸ್ನೇಹವೆನ್ನಿಸಲು ಸುಮಾರು 90 ಗಂಟೆ, ಆಪ್ತ ಸ್ನೇಹವಾಗಲು 200ಕ್ಕೂ ಹೆಚ್ಚು ಗಂಟೆ ಒಟ್ಟಿಗೆ ಕಳೆಯಬೇಕಾಗುತ್ತದೆ ಎಂದು ಅವರು ಅಂದಾಜು ಮಾಡಿದರು. ಅದನ್ನು ಓದಿದಾಗ ನನಗೆ ಗೋಳಿಮರ ನೆನಪಾಯಿತು. ದಿನಕ್ಕೆ 80 ನಿಮಿಷ, ವರ್ಷಕ್ಕೆ 200 ದಿನ ಶಾಲೆ ಎಂದು ಹಿಡಿದರೂ 266 ಗಂಟೆಯಾಗುತ್ತದೆ. ಮೂರು ವರ್ಷದಲ್ಲಿ 800 ಗಂಟೆ. ಅದೇ ಗೆಳೆತನವನ್ನು ವಾರಕ್ಕೆ ಅರ್ಧ ಗಂಟೆಯ ಫೋನಿನಲ್ಲಿ ಬೆಳೆಸಬೇಕಾಗಿದ್ದರೆ ಮೊದಲ 200 ಗಂಟೆ ತುಂಬಲು ಏಳೂವರೆ ವರ್ಷಕ್ಕಿಂತ ಹೆಚ್ಚು ಬೇಕಾಗುತ್ತಿತ್ತು. ನಡೆಯುವಾಗ ನಾವು ಸ್ನೇಹ ಬೆಳೆಸುತ್ತಿದ್ದೇವೆ ಎಂಬ ಅರಿವು ನಮಗಿರಲಿಲ್ಲ, ಶಾಲೆಗೆ ಹೋಗುತ್ತಿದ್ದೆವು, ಅಷ್ಟೇ. ದೂರವಾದ ಮೇಲೆ ಬರುವ ಕಷ್ಟವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ ಎಂದು ನನಗೆ ತೋರುತ್ತದೆ: ಹತ್ತಿರವಿದ್ದಾಗ ತಾನಾಗಿ ಸಿಗುತ್ತಿದ್ದ ಹೊತ್ತನ್ನು ಈಗ ಬೇಕೆಂದೇ ಎತ್ತಿಡಬೇಕಾಗುತ್ತದೆ, ಹಾಗೆ ಎತ್ತಿಟ್ಟ ಹೊತ್ತಿಗೆ ತಕ್ಕ ಮಾತು ಬೇಕೆಂಬ ಭಾರವೂ ಅದರ ಜೊತೆಗೆ ಬರುತ್ತದೆ.

ಅವಳು ಮಂಗಳೂರಿನಲ್ಲಿ ನರ್ಸಿಂಗ್ ಕಲಿತು 1986ರಲ್ಲಿ ಕುವೈತಿಗೆ ಹೋದಳು. ನಾನು ಊರಿನ ಹತ್ತಿರದ ಶಾಲೆಯಲ್ಲಿ ಮೇಷ್ಟರಾಗಿದ್ದೆ. ಹೆಂಗಸರನ್ನೂ ಆಗ ಕೆಲವರು ಹಾಗೆಯೇ ಕರೆಯುತ್ತಿದ್ದರು. ಅಲ್ಲಿಂದ ಏರೋಗ್ರಾಂ, ಅಂದರೆ ಮಡಚಿ ಅಂಟಿಸಿ ಕಳಿಸುವ ವಿಮಾನ ಅಂಚೆಯ ಕಾಗದ, ಬರಲು ಹತ್ತು ಹದಿನೈದು ದಿನ, ನನ್ನ ಉತ್ತರ ಅಲ್ಲಿ ಮುಟ್ಟಲು ಮತ್ತಷ್ಟೇ ದಿನ. ಜ್ವರ ಬಂದಿದೆ ಎಂದು ಬರೆದರೆ ಜ್ವರ ಬಿಟ್ಟಿತೇ ಎಂಬ ಪ್ರಶ್ನೆ ಒಂದು ತಿಂಗಳ ಮೇಲೆ ಬರುತ್ತಿತ್ತು, ಅಷ್ಟು ಹೊತ್ತಿಗೆ ಜ್ವರ ಬಂದದ್ದೇ ಮರೆತಿರುತ್ತಿತ್ತು. ಅವಸರದಲ್ಲಿ ಬಿಡಿಸಿದರೆ ಅಂಟು ಹಚ್ಚಿದ ಅಂಚಿನೊಂದಿಗೆ ಎರಡು ಸಾಲು ಹರಿದುಹೋಗುತ್ತಿದ್ದುದರಿಂದ, ಹೆಣಿಗೆಯ ಕಡ್ಡಿಯನ್ನು ಮಡಿಕೆಯೊಳಗೆ ತೂರಿಸಿ ಮೆಲ್ಲಗೆ ಬಿಡಿಸುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೆ. ಅವಳ ಅಕ್ಷರ ಮೊದಲ ಪುಟದಲ್ಲಿ ಗುಂಡಗೆ, ಬಿಡಿ ಬಿಡಿಯಾಗಿ ಇರುತ್ತಿತ್ತು. ಎರಡನೆಯ ಪುಟಕ್ಕೆ ಬರುವಾಗ ಸಾಲುಗಳು ಒತ್ತೊತ್ತಾಗುತ್ತಿದ್ದವು. ಜಾಗ ಮುಗಿದ ಮೇಲೆ ಕಾಗದವನ್ನು ಅಡ್ಡಕ್ಕೆ ತಿರುಗಿಸಿ, ವಿಳಾಸದ ಪಕ್ಕದ ಸಪೂರ ಪಟ್ಟಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಇನ್ನೂ ನಾಲ್ಕು ಸಾಲು ಬರೆಯುತ್ತಿದ್ದಳು.

ಆ ನಾಲ್ಕು ಸಾಲಿನ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕು. ಮೊದಲ ಎರಡು ಪುಟಗಳಲ್ಲಿ ಇರುತ್ತಿದ್ದದ್ದು ಕ್ಷೇಮ ಸಮಾಚಾರ, ಸಂಬಳ, ಡ್ಯೂಟಿ, ಊರಿಗೆ ಬರುವ ರಜೆಯ ತಿಂಗಳು, ಮನೆಯವರೆಲ್ಲರನ್ನೂ ಕೇಳಿದೆನೆಂದು ತಿಳಿಸುವ ಪಟ್ಟಿ. ಯಾರು ಓದಿದರೂ ತೊಂದರೆಯಿಲ್ಲದ ಮಾತು ಅದು, ನಮ್ಮ ಮನೆಯಲ್ಲಿ ಎಲ್ಲರೂ ಓದುತ್ತಲೂ ಇದ್ದರು. ಅಡ್ಡಪಟ್ಟಿಯಲ್ಲಿ ಮಾತ್ರ ಬೇರೆಯೇ ಇರುತ್ತಿತ್ತು: ಹಾಸ್ಟೆಲಿನ ಕಿಟಕಿಯ ಹೊರಗೆ ಒಂದು ಬೆಕ್ಕು ಮರಿ ಹಾಕಿದೆ, ಅದರಲ್ಲಿ ಒಂದು ನಿಮ್ಮ ಮನೆಯ ಬೆಕ್ಕಿನ ಹಾಗೆ ಒಂದು ಕಿವಿ ಕಪ್ಪು; ಇಲ್ಲಿ ಸಿಗುವ ಮೆಣಸಿಗೆ ಖಾರವೇ ಇಲ್ಲ ಮಾರಾಯ್ತಿ; ನಿನ್ನೆ ಕನಸಿನಲ್ಲಿ ಸಂಕ ದಾಟುವಾಗ ನನ್ನ ಚಪ್ಪಲಿ ಹೊಳೆಗೆ ಬಿತ್ತು. ಬರೆಯದಿದ್ದರೂ ಯಾರಿಗೂ ನಷ್ಟವಿಲ್ಲದ ಸಂಗತಿಗಳು. ಇಷ್ಟು ವರ್ಷಗಳ ನಂತರ ಆ ಕಾಗದಗಳನ್ನು ತೆಗೆದು ಓದುವಾಗ ಎರಡು ಪುಟಗಳನ್ನು ಹಾರಿಸಿ ನಾನು ನೇರವಾಗಿ ಅಡ್ಡಪಟ್ಟಿಗೆ ಹೋಗುತ್ತೇನೆ.

ದೂರ ಮೊದಲು ಕಿತ್ತುಕೊಳ್ಳುವುದು ಈ ಸಣ್ಣ ಸುದ್ದಿಯನ್ನು ಎಂಬುದೇ ನಾನು ಅಂದು ಸಭೆಯಲ್ಲಿ ಹೇಳಲು ಹೋದ ಮಾತು. ದೊಡ್ಡ ಸುದ್ದಿ ಹೇಗೂ ತಲುಪುತ್ತದೆ: ಮದುವೆ, ಮಗು, ಸಾವು, ಹೊಸ ಮನೆ, ಇವನ್ನು ನಾವು ಹೇಳದಿದ್ದರೆ ಬೇರೆ ಯಾರಾದರೂ ಹೇಳುತ್ತಾರೆ. ಹತ್ತಿರದಲ್ಲಿರುವ ಗೆಳತಿಗೆ ಇವತ್ತು ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಹೇಳುವುದಕ್ಕೆ ನಾವು ಎರಡು ಸಲ ಯೋಚಿಸುವುದಿಲ್ಲ, ಆದರೆ ಹದಿನೈದು ದಿನ ಪ್ರಯಾಣ ಮಾಡುವ ಕಾಗದದಲ್ಲಿ ಅದನ್ನು ಬರೆಯಲು ಸಂಕೋಚವಾಗುತ್ತದೆ, ನಿಮಿಷಕ್ಕೆ ಇಷ್ಟು ರೂಪಾಯಿ ಎಂದು ಓಡುವ ಫೋನಿನಲ್ಲಿ ಹೇಳಲು ಇನ್ನೂ ಸಂಕೋಚವಾಗುತ್ತದೆ. ಹೀಗೆ ವರ್ಷ ವರ್ಷ ದೊಡ್ಡ ಸುದ್ದಿಯನ್ನು ಮಾತ್ರ ಕೊಟ್ಟು ತೆಗೆದುಕೊಂಡವರು ಒಬ್ಬರ ಜೀವನದ ಪಟ್ಟಿಯನ್ನು ಇನ್ನೊಬ್ಬರು ಬಾಯಿಪಾಠ ಒಪ್ಪಿಸಬಲ್ಲರು, ಆದರೆ ಅವರು ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಾರೆ ಎಂಬುದನ್ನು ಹೇಳಲಾರರು.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಆಕಾಶವಾಣಿಯ ವಾರ್ತೆಯಲ್ಲಿ ಕೇಳಿದ ಮೇಲೆ ನಾನು ಅಂಚೆ ಕಚೇರಿಗೆ ಓಡಿದ್ದು, ಅಲ್ಲಿಗೆ ಕಾಗದ ಹೋಗುವುದಿಲ್ಲ ಎಂದು ಅಲ್ಲಿದ್ದವರು ಹೇಳಿದ್ದು, ಎರಡೂ ನನಗೆ ನಿನ್ನೆ ನಡೆದಂತೆ ನೆನಪಿದೆ. ಆದರೂ ಬರೆದೆ. ಕಳಿಸುವ ಹಾಗಿಲ್ಲದ ಕಾಗದಗಳನ್ನು ಶಾಲೆಯ ಹಳೆಯ ನೋಟ್ ಪುಸ್ತಕವೊಂದರಲ್ಲಿ ವಾರಕ್ಕೊಂದರಂತೆ ಬರೆದೆ. ಕುವೈತಿನಲ್ಲಿದ್ದ ನಮ್ಮವರು ಬಸ್ಸುಗಳಲ್ಲಿ ಬಾಗ್ದಾದಿನ ಮೂಲಕ ಜೋರ್ಡಾನಿಗೆ ಬಂದರು, ಅಲ್ಲಿನ ಅಮ್ಮಾನ್ ನಗರದಿಂದ ಏರ್ ಇಂಡಿಯಾ ವಿಮಾನಗಳು ಎರಡು ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮುಂಬಯಿಗೆ ತಂದವು. ಅವರಲ್ಲಿ ಅವಳೂ ಒಬ್ಬಳು. ಆಗ ಕೊಂಕಣ ರೈಲು ಇರಲಿಲ್ಲ, ಮುಂಬಯಿಯಿಂದ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕುಳಿತು ಊರಿಗೆ ಬಂದಳು.

ಅವಳು ಬಂದ ಮರುದಿನ ನಾನು ಹೋದೆ. ಜಗಲಿಯಲ್ಲಿ ಒಬ್ಬರ ಪಕ್ಕ ಒಬ್ಬರು ಕುಳಿತೆವು. ನಾಲ್ಕು ವರ್ಷ ಕಾಗದದಲ್ಲಿ ಅಷ್ಟು ಮಾತನಾಡಿದವರಿಗೆ ಒಂದು ಮಾತೂ ಹೊರಡಲಿಲ್ಲ. ಅವಳು ಮರುಭೂಮಿಯ ಡೇರೆಯಲ್ಲಿ ರಾತ್ರಿ ಕಳೆದು ಬಂದಿದ್ದಳು, ನಾನು ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸಿ ಬಂದಿದ್ದೆ. ಅವಳು ಕಂಡದ್ದರ ಮುಂದೆ ನನ್ನದೆಲ್ಲ ಬಾಯಿ ತೆರೆಯಲು ಯೋಗ್ಯವಲ್ಲವೆಂದು ನನಗನ್ನಿಸಿತು. ಕೊನೆಗೆ ನೋಟ್ ಪುಸ್ತಕವನ್ನು ಅವಳ ಕೈಗೆ ಕೊಟ್ಟು ಮನೆಗೆ ಬಂದೆ. ನಾಲ್ಕು ದಿನ ಬಿಟ್ಟು ಅವಳೇ ಬಂದಳು. ಹೊಳೆಯ ನೀರು ಅಂಗಳದವರೆಗೆ ಬಂದದ್ದನ್ನು, ಹೆಡ್‌ಮಾಸ್ತರರ ಕೊಡೆ ಕಳೆದುಹೋದದ್ದನ್ನು ಓದುತ್ತ ಓದುತ್ತ ಮೊದಲ ಸಲ ಅತ್ತುಬಿಟ್ಟೆ ಎಂದು ಹೇಳಿದಳು. ಅಲ್ಲಿ ಇದ್ದಾಗ, ದಾರಿಯಲ್ಲಿ ಬರುವಾಗ ಬಾರದ ಅಳು ಅದು. ಆಮೇಲೆ ತಾನು ಕಂಡದ್ದನ್ನೂ ಒಂದೊಂದಾಗಿ ಹೇಳಿದಳು. ದೊಡ್ಡ ದುಃಖದ ಪಕ್ಕದಲ್ಲಿ ನಮ್ಮ ಚಿಲ್ಲರೆ ಸುದ್ದಿಗೆ ಬೆಲೆಯಿಲ್ಲ ಎಂದು ತಿಳಿದು ಬಾಯಿ ಮುಚ್ಚಿಕೊಳ್ಳುವವರನ್ನು ಕಂಡಾಗ ನನಗೆ ಆ ನೋಟ್ ಪುಸ್ತಕ ಕಣ್ಣಿಗೆ ಬರುತ್ತದೆ.

1992ರಲ್ಲಿ ಅವಳು ಮತ್ತೆ ಕುವೈತಿಗೆ ಹೋದಳು. ಆ ಹೊತ್ತಿಗೆ ಪೇಟೆಯಲ್ಲಿ ಎಸ್‌ಟಿಡಿ ಬೂತುಗಳು ಬಂದಿದ್ದವು. ಗಾಜಿನ ಗೂಡಿನೊಳಗೆ ನಿಂತು, ಮೇಲೆ ಓಡುತ್ತಿರುವ ಕೆಂಪು ಅಂಕಿಯನ್ನು ನೋಡುತ್ತ, ಹೊರಗೆ ಕಾಯುವವರಿಗೆ ಬೆನ್ನು ಹಾಕಿ ಆಡುವ ಮಾತು ಕ್ಷೇಮವೇ, ಕ್ಷೇಮ, ಇಡಲಾ, ಇಡು ಎಂಬಲ್ಲಿಗೆ ಮುಗಿಯುತ್ತಿತ್ತು. ಫೋನು ಬಂದ ಮೇಲೆ ಕಾಗದ ಕಡಿಮೆಯಾಯಿತು, ಕಾಗದ ಕಡಿಮೆಯಾದಾಗ ಅಡ್ಡಪಟ್ಟಿಯೂ ಹೋಯಿತು. ದೂರಸಂಪರ್ಕ ಬೆಳೆದ ಹಾಗೆ ಗೆಳೆತನ ಸುಲಭವಾಗುತ್ತ ಬಂತು ಎಂದು ಹೇಳುವವರ ಜೊತೆ ನಾನು ಪೂರ್ತಿ ಒಪ್ಪದಿರುವುದು ಈ ಕಾರಣಕ್ಕೆ. ನಮ್ಮ ಗೆಳೆತನ ಅತಿ ಬಡವಾಗಿದ್ದದ್ದು ಕಾಗದದ ಕಾಲದಲ್ಲಲ್ಲ, ಕಾಗದ ಬಿಟ್ಟು ಫೋನು ಇನ್ನೂ ದುಬಾರಿಯಾಗಿದ್ದ ಆ ನಡುವಿನ ಹತ್ತು ವರ್ಷಗಳಲ್ಲಿ.

ಅದೇ ಕಾಲದಲ್ಲಿ, 1997ರಲ್ಲಿ, ನನ್ನ ಅಮ್ಮ ತೀರಿಕೊಂಡರು. ಅವಳಿಗೆ ಅಮ್ಮನೆಂದರೆ ಪ್ರಾಣ, ನಮ್ಮ ಮನೆಯ ಒಲೆಯ ಮುಂದೆ ಕುಳಿತು ಉಂಡು ಬೆಳೆದವಳು. ಅವಳ ಮನೆಯವರು ತಿಳಿಸಿರುತ್ತಾರೆ ಎಂದು ನಾನು ನಂಬಿದೆ. ನಾನೇ ಬರೆದಿರುತ್ತೇನೆ ಎಂದು ಅವಳ ಮನೆಯವರು ನಂಬಿದರು. ಹನ್ನೊಂದು ದಿನ ಕಳೆಯಿತು, ತಿಂಗಳು ಕಳೆಯಿತು, ಅವಳಿಂದ ಒಂದು ಸಾಲೂ ಬರಲಿಲ್ಲ. ನನ್ನ ಮನಸ್ಸು ಗಟ್ಟಿಯಾಯಿತು. ಎರಡು ತಿಂಗಳ ಮೇಲೆ ಯಾರಿಂದಲೋ ತಿಳಿದು ಅವಳು ಬರೆದ ಕಾಗದದಲ್ಲಿ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಇತ್ತು: ನನಗೆ ಹೇಳಬೇಕು ಎಂದು ನಿನಗೆ ಅನ್ನಿಸಲಿಲ್ಲವಲ್ಲ. ಅದಕ್ಕೆ ನಾನು ಉತ್ತರ ಬರೆಯಲಿಲ್ಲ. ಹತ್ತಿರದಲ್ಲಿದ್ದರೆ ಮರುದಿನ ಗೋಳಿಮರದ ಬುಡದಲ್ಲಿ ಮುಖ ನೋಡಿದಾಗ ಇದು ಇತ್ಯರ್ಥವಾಗುತ್ತಿತ್ತು. ದೂರದಲ್ಲಿ ಮುಖವಿಲ್ಲ, ಇರುವುದು ಅವಳ ಕೊನೆಯ ವಾಕ್ಯ ಮಾತ್ರ, ಅದನ್ನೇ ದಿನಾ ತಿರುಗಿ ತಿರುಗಿ ಓದಿಕೊಂಡು ನಾನು ಎರಡು ವರ್ಷ ಸುಮ್ಮನಿದ್ದೆ. ತಪ್ಪು ನನ್ನದೇ ಹೆಚ್ಚು ಎಂದು ಈಗ ಸ್ಪಷ್ಟವಾಗಿ ಹೇಳಬಲ್ಲೆ, ಏಕೆಂದರೆ ಅವಳು ಸಿಟ್ಟಿನಿಂದಲಾದರೂ ಬರೆದಿದ್ದಳು.

ಇಂಥ ಮೌನಗಳ ಬಗ್ಗೆ ಯೋಚಿಸುವಾಗ ನನಗೆ ಗಾಂಧೀಜಿ ಮತ್ತು ಹರ್ಮನ್ ಕ್ಯಾಲೆನ್‌ಬಾಕ್ ಅವರ ಗೆಳೆತನ ನೆನಪಾಗುತ್ತದೆ. ಕ್ಯಾಲೆನ್‌ಬಾಕ್ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಯಹೂದಿ ವಾಸ್ತುಶಿಲ್ಪಿ. ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ 1910ರಲ್ಲಿ 1,100 ಎಕರೆ ಜಮೀನು ಬಿಟ್ಟುಕೊಟ್ಟವರು ಅವರು, ಟಾಲ್‌ಸ್ಟಾಯ್ ಫಾರ್ಮ್ ನಡೆದದ್ದು ಅಲ್ಲಿಯೇ. ಗಾಂಧೀಜಿಯನ್ನು ಮೇಲ್ಮನೆ ಎಂದೂ ತನ್ನನ್ನು ಕೆಳಮನೆ ಎಂದೂ ಕರೆದುಕೊಳ್ಳುವಷ್ಟು ಸಲಿಗೆ ಅವರೊಳಗಿತ್ತು. 1914ರ ಜುಲೈಯಲ್ಲಿ ಗಾಂಧೀಜಿ, ಕಸ್ತೂರಬಾ ಮತ್ತು ಅವರು ಒಟ್ಟಿಗೆ ಹಡಗು ಹತ್ತಿದರು, ಲಂಡನ್ನಿನ ಮೂಲಕ ಭಾರತಕ್ಕೆ ಬಂದು ಇಲ್ಲಿಯೇ ಜೊತೆಯಾಗಿ ಬಾಳುವುದೆಂದು ನಿಶ್ಚಯವಾಗಿತ್ತು. ಅವರು ಲಂಡನ್ ಮುಟ್ಟುವ ಹೊತ್ತಿಗೆ ಮಹಾಯುದ್ಧ ಆರಂಭವಾಗಿತ್ತು. ಜರ್ಮನಿಯವರೆಂಬ ಕಾರಣಕ್ಕೆ ಕ್ಯಾಲೆನ್‌ಬಾಕ್ ಅವರಿಗೆ ಭಾರತಕ್ಕೆ ಬರಲು ಅನುಮತಿ ಸಿಗಲಿಲ್ಲ, ಮುಂದೆ ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಬಂಧನದಲ್ಲಿಟ್ಟರು. ಗಾಂಧೀಜಿ 1915ರ ಜನವರಿ 9ರಂದು ಅವರಿಲ್ಲದೆ ಮುಂಬಯಿಗೆ ಬಂದಿಳಿದರು.

ಮತ್ತೆ ಇಬ್ಬರೂ ಮುಖಾಮುಖಿಯಾದದ್ದು 1937ರಲ್ಲಿ, 22 ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಒಬ್ಬರು ಒಂದು ದೇಶದ ಮಹಾತ್ಮರಾಗಿದ್ದರು, ಇನ್ನೊಬ್ಬರು ಯಹೂದಿಗಳ ಪ್ರತ್ಯೇಕ ನೆಲೆಯ ಪರವಾಗಿ ಕೆಲಸ ಮಾಡುತ್ತ ಆ ಕಾರ್ಯದ ಮೇಲೆಯೇ ಬಂದಿದ್ದರು. ಆ ವಿಷಯದಲ್ಲಿ ಇಬ್ಬರಿಗೂ ಒಮ್ಮತವಾಗಲಿಲ್ಲ. 1939ರಲ್ಲಿ ಕ್ಯಾಲೆನ್‌ಬಾಕ್ ಮತ್ತೆ ಬಂದು ಜೊತೆಗಿದ್ದಾಗ, ತನ್ನೊಡನೆ ಇರುವ ಯಹೂದಿ ಗೆಳೆಯನಿಗೆ ಅಹಿಂಸೆಯಲ್ಲಿ ಬುದ್ಧಿಪೂರ್ವಕ ನಂಬಿಕೆಯಿದ್ದರೂ ಹಿಟ್ಲರನಿಗಾಗಿ ಪ್ರಾರ್ಥಿಸಲು ಆಗುವುದಿಲ್ಲವೆಂದು ಆ ಗೆಳೆಯ ಹೇಳುತ್ತಾರೆ ಎಂದು ಗಾಂಧೀಜಿ ಬರೆದರು, ಅದಕ್ಕಾಗಿ ಗೆಳೆಯನ ಮೇಲೆ ಮುನಿಯಲಿಲ್ಲ. ಗಾಂಧೀಜಿ ಬರೆದ ಕಾಗದಗಳನ್ನು ಕ್ಯಾಲೆನ್‌ಬಾಕ್ ಜೋಪಾನವಾಗಿ ಇಟ್ಟಿದ್ದರು, ಅವನ್ನು 2012ರಲ್ಲಿ ನಮ್ಮ ಸರ್ಕಾರ ಕೊಂಡುಕೊಂಡಿತು. ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವರ ದೊಡ್ಡತನಕ್ಕಿಂತ ಹೆಚ್ಚಾಗಿ ಇದು: ತಾನು ಬಿಟ್ಟುಬಂದ ಗೆಳೆಯ ಬೇರೆಯೇ ಮನುಷ್ಯನಾಗಿ ಬಂದು ಎದುರು ನಿಂತಾಗ ಹಳೆಯವನನ್ನೇ ಕೊಡು ಎಂದು ಇಬ್ಬರಲ್ಲಿ ಯಾರೂ ಕೇಳಲಿಲ್ಲ. ದೂರದಲ್ಲಿರುವವರ ಚಿತ್ರವನ್ನು ನಾವು ಹೋದ ದಿನ ಇದ್ದ ಹಾಗೆಯೇ ಮನಸ್ಸಿನಲ್ಲಿ ತೂಗುಹಾಕಿಕೊಂಡಿರುತ್ತೇವೆ, ಅವರು ಅದಕ್ಕೆ ಹೊಂದದಿದ್ದರೆ ಬದಲಾಗಿಬಿಟ್ಟಳು ಎಂದು ದೂರುತ್ತೇವೆ.

ನಮ್ಮ ಮೌನ ಮುರಿದದ್ದು ಒಂದು ಸಣ್ಣ ಸುದ್ದಿಯಿಂದ. 1999ರ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡಲು ಗೋಳಿಮರವನ್ನು ಕಡಿದರು. ಕಡಿಯುವಾಗ ನಾನು ನಿಂತು ನೋಡಿದೆ. ಸಂಜೆ ಮನೆಗೆ ಬಂದು, ಏನು ಬರೆಯಬೇಕೆಂದು ಯೋಚಿಸದೆ, ಎರಡು ವರ್ಷದ ಮಾತನ್ನೂ ಎತ್ತದೆ, ಕ್ಷಮೆಯನ್ನೂ ಕೇಳದೆ, ಗೋಳಿಮರ ಕಡಿದರು ಎಂದು ನಾಲ್ಕು ಸಾಲು ಬರೆದು ಹಾಕಿದೆ. ಅವಳ ಉತ್ತರ ಬರುವಾಗ ಲಕೋಟೆ ದಪ್ಪವಾಗಿತ್ತು, ಒಳಗೆ ಒಂಬತ್ತು ಹಾಳೆ ಇದ್ದವು, ಒಂಬತ್ತರ ಅಂಚಿನಲ್ಲೂ ಅಡ್ಡಸಾಲುಗಳಿದ್ದವು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮ್ಮನೆ ನೆನಪಾಯಿತೆಂದು ಒಂದು ಮಾತು ಕಳಿಸಿದರೆ ಅದನ್ನು ಪಡೆದವರಿಗೆ ಎಷ್ಟು ಸಂತೋಷವಾಗುತ್ತದೆ ಎಂಬುದನ್ನು ಕಳಿಸುವವರು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತಾರೆ, ಅದು ಅನಿರೀಕ್ಷಿತವಾಗಿದ್ದಷ್ಟೂ ಪಡೆದವರ ಸಂತೋಷ ಹೆಚ್ಚು ಎಂದು ಕಂಡುಬಂತು. ಇಷ್ಟು ವರ್ಷವಾದ ಮೇಲೆ ಈಗ ಹೇಗೆ ಬರೆಯುವುದು ಎಂದು ಹಿಂಜರಿಯುವವರಿಗೆ ನಾನು ಈ ಮಾತನ್ನು ಹೇಳುತ್ತಲೇ ಇರುತ್ತೇನೆ.

ಸಭೆಯಲ್ಲಿ ಒಬ್ಬ ಹುಡುಗ, ಇದೆಲ್ಲ ಹೆಂಗಸರ ಗೆಳೆತನಕ್ಕೆ ಸರಿ, ನಾವು ಗಂಡಸರು ಫೋನಿನಲ್ಲಿ ಏನು ಮಾತನಾಡುವುದು ಎಂದು ಕೇಳಿದ. ಸರಿಯಾದ ಪ್ರಶ್ನೆಯೇ. ಬ್ರಿಟನ್ನಿನ ಸ್ಯಾಮ್ ರಾಬರ್ಟ್ಸ್ ಮತ್ತು ರಾಬಿನ್ ಡನ್‌ಬಾರ್ ಶಾಲೆ ಮುಗಿಸಿ ಬೇರೆ ಬೇರೆ ಕಡೆ ಹೋದ ಯುವಕ ಯುವತಿಯರನ್ನು 18 ತಿಂಗಳು ಗಮನಿಸಿದರು. ಹುಡುಗಿಯರ ಗೆಳೆತನವನ್ನು ಮಾತು ಉಳಿಸಿತು, ಹುಡುಗರದನ್ನು ಉಳಿಸಿದ್ದು ಜೊತೆಯಾಗಿ ಏನಾದರೂ ಮಾಡುವುದು. ನನ್ನ ತಮ್ಮನಿಗೂ ಪುಣೆಯಲ್ಲಿರುವ ಅವನ ಗೆಳೆಯನಿಗೂ ನಡೆಯುತ್ತಿದ್ದ ಫೋನು ನಾನು ಕೇಳಿದ್ದೇನೆ. ಮತ್ತೆಂತ ವಿಶೇಷ ಎಂದು ಇವನು, ಎಂತ ಇಲ್ಲ, ನಿಂದು ಎಂದು ಅವನು, ಎಂತ ಇಲ್ಲ ಎಂದು ಇವನು. ಇಬ್ಬರೂ ಒಂದು ಕಾಲದಲ್ಲಿ ಸುಗ್ಗಿ ಮುಗಿದ ಮೇಲೆ ಗದ್ದೆಗಳಲ್ಲಿ ಎಲ್ಲಿ ಯಕ್ಷಗಾನದ ಆಟ ಇದ್ದರೂ ಸೈಕಲ್ ತುಳಿದುಕೊಂಡು ಹೋಗಿ ಬೆಳಗಿನವರೆಗೆ ನೋಡಿದವರು. ಈಗ ಕೆಲವು ವರ್ಷಗಳಿಂದ ಯೂಟ್ಯೂಬಿನಲ್ಲಿ ಯಕ್ಷಗಾನ ನೇರ ಪ್ರಸಾರವಾಗುವ ರಾತ್ರಿ ಇವನು ಇಲ್ಲಿ, ಅವನು ಅಲ್ಲಿ ಅದನ್ನು ಹಾಕಿಕೊಂಡು ಕೂರುತ್ತಾರೆ. ಭಾಗವತರು ಒಂದು ಪದ್ಯ ಎತ್ತಿದ ಕೂಡಲೇ ಫೋನಿನಲ್ಲಿ ಒಂದೇ ಅಕ್ಷರ ಬರುತ್ತದೆ: ಹಾಂ. ಇವನು ಮರಳಿ ಕಳಿಸುತ್ತಾನೆ: ಹಾಂ. ಅವರ ಗೆಳೆತನಕ್ಕೆ ಅಷ್ಟು ಸಾಕಾಗುತ್ತದೆ.

ರಜೆಯ ವಿಷಯ ಹೇಳದೆ ಇರುವ ಹಾಗಿಲ್ಲ. ಕೊಲ್ಲಿಯಿಂದ ಬಂದವರಿಗೆ ಇರುವುದು 30 ದಿನ. ಅದರಲ್ಲಿ ಆಸ್ಪತ್ರೆ, ಬ್ಯಾಂಕು, ದೇವಸ್ಥಾನ, ಗಂಡನ ಕಡೆಯವರು, ತಾಯಿಯ ಕಡೆಯವರು, ಯಾರ ಮನೆಗೆ ಹೋಗಲಿಲ್ಲವೋ ಅವರ ಮುನಿಸು. ಗೆಳತಿಯ ಪಾಲಿಗೆ ಉಳಿಯುವುದು ಒಂದು ಗಂಟೆ, ಅದೂ ಹೊರಗೆ ರಿಕ್ಷಾ ಕಾಯುತ್ತಿರುವಾಗ. ಅವಳು ನೋವಿಗೆ ಹಚ್ಚುವ ಆಕ್ಸ್ ಆಯಿಲ್, ಹಾಲಿನ ಪುಡಿ, ಸೋಪು ಇದ್ದ ಚೀಲವನ್ನು ಇಡುತ್ತಿದ್ದಳು, ನಾನು ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಕಟ್ಟಿ ಕೊಡುತ್ತಿದ್ದೆ. ಕೊಟ್ಟದ್ದು ಕಡಿಮೆಯಾಯಿತೇನೋ ಎಂಬ ಅಳುಕು ನನಗಿತ್ತು, ಕೊಟ್ಟದ್ದು ಹೆಚ್ಚಾಗಿ ನನಗೆ ನೋವಾಯಿತೇನೋ ಎಂಬ ಅಳುಕು ಅವಳಿಗಿತ್ತು ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಒಂದು ವರ್ಷ ಅವಳು ರಿಕ್ಷಾದವನಿಗೆ ದುಡ್ಡು ಕೊಟ್ಟು ಕಳಿಸಿ, ನನ್ನ ಅಡಿಗೆಮನೆಯಲ್ಲಿ ಮಧ್ಯಾಹ್ನದ ಮೇಲೆ ಎರಡು ಗಂಟೆ ಚಾಪೆ ಹಾಸಿಕೊಂಡು ನಿದ್ದೆ ಮಾಡಿದಳು. ಅಷ್ಟು ವರ್ಷಗಳ ರಜೆಯಲ್ಲಿ ನಮಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಭೇಟಿ ಅದೇ.

2007ರ ಸೆಪ್ಟೆಂಬರಿನಲ್ಲಿ ಕುವೈತ್ ವಾರದ ರಜೆಯನ್ನು ಗುರುವಾರ ಶುಕ್ರವಾರದಿಂದ ಶುಕ್ರವಾರ ಶನಿವಾರಕ್ಕೆ ಬದಲಾಯಿಸಿತು. ಜಗತ್ತಿಗೆ ಅದು ದೊಡ್ಡ ಸಂಗತಿಯಲ್ಲದಿರಬಹುದು, ನಮಗೆ ಆಗಿತ್ತು. ಶನಿವಾರ ನಮ್ಮ ಶಾಲೆ ಬೆಳಗಿನ ಹೊತ್ತು ಮಾತ್ರ. ಅವಳು ಆಗ ರಾತ್ರಿ ಪಾಳಿ ಬಿಟ್ಟು ಹೊರರೋಗಿ ವಿಭಾಗಕ್ಕೆ ಬಂದಿದ್ದಳು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಇಬ್ಬರಿಗೂ ಒಂದೇ ದಿನ ಬಿಡುವು ಸಿಕ್ಕಿತು. ಇಲ್ಲಿ ಮೂರೂವರೆ, ಅಲ್ಲಿ ಮಧ್ಯಾಹ್ನ ಒಂದು ಗಂಟೆ. ಅಂದಿನಿಂದ ಶನಿವಾರ ಮೂರೂವರೆಗೆ ಫೋನು ಎಂದಾಯಿತು. 2016ರ ನಂತರ ಇಂಟರ್ನೆಟ್ ಅಗ್ಗವಾದಾಗ ನಿಮಿಷದ ಲೆಕ್ಕವೂ ಹೋಯಿತು, ಅಡ್ಡಪಟ್ಟಿಯ ಮಾತು ಹಿಂದಿರುಗಿ ಬಂತು.

ಆದರೆ ಅಗ್ಗವಾದದ್ದರ ಜೊತೆಗೆ ಇನ್ನೊಂದು ತೊಡಕು ಬಂದಿದೆ. ಬೆಳಿಗ್ಗೆ ಎದ್ದು ಹೂವಿನ ಚಿತ್ರದ ಶುಭೋದಯ ಕಳಿಸಿದವರಿಗೆ ಗೆಳತಿಯೊಡನೆ ಮಾತನಾಡಿದ ಸಮಾಧಾನ ಸಿಕ್ಕಿಬಿಡುತ್ತದೆ. ಸ್ಟೇಟಸ್ಸಿನಲ್ಲಿ ಅವಳ ಮಗಳ ಮದುವೆಯ ಫೋಟೋ ಕಂಡರೆ ಮದುವೆಯ ಬಗ್ಗೆ ಕೇಳಬೇಕಾದದ್ದೆಲ್ಲ ಕೇಳಿದಂತೆ ಆಗುತ್ತದೆ. ನೂರು ಜನರಿಗೆ ಒಟ್ಟಿಗೆ ಹೋಗುವುದು ಸಣ್ಣ ಸುದ್ದಿಯಾಗಲಾರದು, ಒಬ್ಬಳಿಗೇ ಎಂದು ಆರಿಸಿದ್ದರಿಂದಲೇ ಅದಕ್ಕೆ ಬೆಲೆ. ಎಷ್ಟು ದಿನಕ್ಕೊಮ್ಮೆ ಮಾತನಾಡಿದರೆ ಸಾಕು ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ದಿನ ಲೆಕ್ಕ ಹಾಕುವುದಕ್ಕಿಂತ, ಕೊನೆಯ ಸಲ ಮಾತನಾಡಿದಾಗ ಹೇಳದೆ ಇದ್ದರೂ ನಡೆಯುತ್ತಿದ್ದ ಒಂದು ಸಂಗತಿಯನ್ನಾದರೂ ಹೇಳಿದೆನೇ ಎಂದು ಕೇಳಿಕೊಳ್ಳಿ ಎಂದೆ.

ದೂರದ ಗೆಳೆತನದಿಂದ ಸಿಗುವ ಒಂದು ಲಾಭ ಹತ್ತಿರದವರಿಂದ ಸಿಗಲಾರದು. ಸಣ್ಣ ಊರಿನಲ್ಲಿ ಯಾವ ಮಾತೂ ಒಬ್ಬರ ಬಳಿ ನಿಲ್ಲುವುದಿಲ್ಲ, ಹೇಳಿದವರು ಹೇಳಿದ್ದಕ್ಕಾಗಿ ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಮುಖ ತಪ್ಪಿಸಬೇಕಾಗುತ್ತದೆ. ನನ್ನ ಮನೆಯ ಕಷ್ಟದ ಒಂದು ಕಾಲದಲ್ಲಿ, ಅದರ ವಿವರ ಇಲ್ಲಿ ಬೇಡ, ನಾನು ಪೂರ್ತಿಯಾಗಿ ಬಾಯಿಬಿಟ್ಟು ಹೇಳಿದ್ದು ಅವಳೊಬ್ಬಳ ಬಳಿ. ನನ್ನನ್ನು ನನ್ನ ಹದಿಮೂರನೆಯ ವಯಸ್ಸಿನಿಂದ ಬಲ್ಲವಳು ಅವಳು, ಆದರೆ ನನ್ನ ಈಗಿನ ಊರಿನ ಯಾವ ಲೆಕ್ಕಾಚಾರದಲ್ಲೂ ಇಲ್ಲದವಳು. 2020ರಲ್ಲಿ ಅದೇ ರೀತಿ ಅವಳಿಗೆ ನಾನು ಬೇಕಾದೆ. ವಿಮಾನಗಳು ನಿಂತಿದ್ದವು, ಆಸ್ಪತ್ರೆಯಲ್ಲಿ ಹಗಲಿರುಳು ಕೆಲಸವಿತ್ತು, ಡ್ಯೂಟಿ ಮುಗಿಸಿ ಕಾರಿನಲ್ಲಿ ಕುಳಿತು ಅವಳು ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳಲ್ಲಿ ಮೊದಲ ಅರ್ಧ ನಿಮಿಷ ಉಸಿರು ಮಾತ್ರ ಕೇಳುತ್ತಿತ್ತು. ಜೊತೆಯ ನರ್ಸುಗಳ ಮುಂದೆ ಹೆದರಿಕೆ ತೋರಿಸುವ ಹಾಗಿರಲಿಲ್ಲ, ಮಗಳಿಗೆ ಹೇಳಿದರೆ ಅವಳು ಗಾಬರಿಯಾಗುತ್ತಿದ್ದಳು. ನಾನು ಉತ್ತರವಾಗಿ ನಮ್ಮ ಅಂಗಳದ ಮಳೆಯ ಶಬ್ದವನ್ನು ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ.

2021ರ ಕೊನೆಯಲ್ಲಿ ಅವಳು ಕೆಲಸ ಬಿಟ್ಟು ಊರಿಗೆ ಬಂದಳು. ನಾನೂ ಆ ವರ್ಷವೇ ನಿವೃತ್ತಳಾಗಿದ್ದೆ. ಅವಳ ಹೊಸ ಮನೆ ನನ್ನ ಮನೆಯಿಂದ 4 ಕಿಲೋಮೀಟರು. ಇನ್ನು ದಿನಾ ಸಿಗಬಹುದು ಎಂದುಕೊಂಡೆವು, ಮೊದಲ ತಿಂಗಳು ಸಿಕ್ಕೆವೂ. ಎದುರು ಬದುರು ಕುಳಿತಾಗ ಮತ್ತೆ 1990ರ ಜಗಲಿಯ ಹಾಗೆಯೇ ಆಯಿತು. ಅವಳ ಮನೆಗೆ ನೆಂಟರು ಬರುತ್ತಿದ್ದರು, ನನ್ನ ಮನೆಯಲ್ಲಿ ಮೊಮ್ಮಗು, ಒಬ್ಬರು ಚಾ ಮಾಡಲು ಏಳುವುದು, ಇನ್ನೊಬ್ಬರು ಬೇಡವೆನ್ನುವುದು. ನಾವು ಒಬ್ಬರ ದನಿಗೆ ಒಬ್ಬರು ಒಗ್ಗಿಕೊಂಡಿದ್ದೆವು, ಮುಖಕ್ಕೆ ಒಗ್ಗುವುದು ಹೊಸದಾಗಿ ಆಗಬೇಕಾಗಿತ್ತು. ಅದಕ್ಕೆ ಗಾಬರಿಯಾಗಿ ಇಬ್ಬರೂ ಮೂರು ವಾರ ಆಚೀಚೆ ಹೋಗಲಿಲ್ಲ.

ನಾಲ್ಕನೆಯ ವಾರ, ಶನಿವಾರ ಮೂರೂವರೆಗೆ, ಫೋನು ಬಂತು. ಈಗಲೂ ಬರುತ್ತದೆ. ನಡುವೆ ಭೇಟಿಗಳೂ ನಿಧಾನವಾಗಿ ಹದಕ್ಕೆ ಬಂದಿವೆ, ಸಂತೆಗೆ ಒಟ್ಟಿಗೆ ಹೋಗುತ್ತೇವೆ, ನಡೆಯುವಾಗ ಮಾತು ತಾನಾಗಿ ಬರುತ್ತದೆ. ಆದರೆ ಶನಿವಾರದ ಫೋನನ್ನು ಬಿಟ್ಟಿಲ್ಲ. ಈ ಉಪನ್ಯಾಸದ ಹಿಂದಿನ ಶನಿವಾರ ನಾವು ಮಾತನಾಡುತ್ತಿದ್ದಾಗ ಇಲ್ಲಿ ಪಡುವಣದಿಂದ ಮೋಡ ಕಪ್ಪಾಗಿ ಬಂದು ಹಂಚಿನ ಮೇಲೆ ದಪ್ಪ ಹನಿಗಳು ಬಿದ್ದವು. ಅವಳ ಕಡೆ ಇನ್ನೂ ಬಿಸಿಲು ಇದೆ ಎಂದಳು. “ಬಟ್ಟೆ ಒಳಗೆ ತಕೊ ಮಾರಾಯ್ತಿ” ಎಂದೆ, “ಹತ್ತು ನಿಮಿಷದಲ್ಲಿ ಅಲ್ಲಿಗೆ ಬರ್ತದೆ.” ಫೋನನ್ನು ಇಡದೆಯೇ ಅವಳು ಅಂಗಳಕ್ಕೆ ಇಳಿದದ್ದು, ಹಗ್ಗದಿಂದ ಬಟ್ಟೆ ಎಳೆಯುವ ಸದ್ದು ನನಗೆ ಕೇಳಿಸಿತು.